ಬ್ರೇಕಿಯಲ್ ಪ್ಲೆಕ್ಸಸ್ ಗಾಯ

ಬ್ರೇಕಿಯಲ್ ಪ್ಲೆಕ್ಸಸ್ ಗಾಯ ಎಂದರೆ ಕುತ್ತಿಗೆಯಿಂದ ಹೊರಟು ಭುಜದ ಮೂಲಕ ತೋಳಿಗೆ ಸಾಗುವ ನರಜಾಲಕ್ಕೆ ಉಂಟಾಗುವ ಹಾನಿ. ಕುತ್ತಿಗೆಯ 5ರಿಂದ 8ನೆಯವರೆಗಿನ ನರಗಳು ಹಾಗೂ ಎದೆಯ ಮೊದಲನೆಯ ನರ ಸೇರಿ ಈ ಜಾಲವು ರೂಪುಗೊಂಡಿದೆ.

ಕಾರಣಗಳು

ವಯಸ್ಕರಲ್ಲಿ ಬೈಕ್ ಅಪಘಾತವು ಇದರ ಪ್ರಮುಖ ಕಾರಣ. ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಂತಹ ಅಡಿಕೆ ಸೀಮೆಯಲ್ಲಿ ಮರದಿಂದ ಬೀಳುವ ಅಪಾಯವೂ ಸೇರುತ್ತದೆ. ಕೊನೆ ಕೊಯ್ಯಲು ಮಾತ್ರವಲ್ಲದೆ, ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಲು ಮಳೆಗಾಲದಲ್ಲಿಯೂ ಕೊನೆಗಾರರು ಜಾರುವ ಮರಗಳನ್ನು ಏರುತ್ತಾರೆ.

ವಿಧಗಳು

ಭುಜ ನೆಲಕ್ಕೆ ಬಡಿದು ಕುತ್ತಿಗೆ ಇನ್ನೊಂದು ಬದಿಗೆ ಸೆಳೆದರೆ ಮೇಲಿನ ನರಗಳು ಹಾನಿಗೊಳ್ಳುತ್ತವೆ. ತೋಳನ್ನು ಎತ್ತಲು, ಮೊಣಕೈ ಮಡಿಸಲು ಆಗುವುದಿಲ್ಲ. ಬೀಳುವಾಗ ಮರವನ್ನು ಹಿಡಿದು ಜೋತುಬಿದ್ದರೆ ತೋಳು ಮೇಲಕ್ಕೆ ಜಗ್ಗಿ ಕೆಳಗಿನ ನರಗಳು ಹಾನಿಗೊಳ್ಳುತ್ತವೆ. ಬೆರಳುಗಳ ಹಿಡಿತ ತಪ್ಪುತ್ತದೆ. ಎರಡನೆಯ ವಿಧವನ್ನು 1885ರಲ್ಲಿ ವಿವರಿಸಿದ ಆಗಸ್ಟಾ ಕ್ಲುಂಪ್ಕೆಯವರ ಹೆಸರಿನಿಂದಲೇ ಅದನ್ನು ಗುರುತಿಸಲಾಗುತ್ತದೆ.

ಚಿಕಿತ್ಸೆ

ಬಿದ್ದವರ ಕುತ್ತಿಗೆಯನ್ನು ಅಲುಗಾಡಿಸದೆ ಆಸ್ಪತ್ರೆಗೆ ಸಾಗಿಸಬೇಕು. ಕೇವಲ ಹಿಗ್ಗಿದ ನರವು ತಾನಾಗಿ ಚೇತರಿಸಿಕೊಳ್ಳಬಹುದು. ಬೆನ್ನುಹುರಿಯಿಂದಲೇ ಕಿತ್ತುಬಂದ ನರವು ಚೇತರಿಸಿಕೊಳ್ಳದು. ಅಂತಹವರಿಗೆ ಬೇರೆ ನರವನ್ನು ಜೋಡಿಸುವ ಶಸ್ತ್ರಚಿಕಿತ್ಸೆ ಅಗತ್ಯವಾಗುತ್ತದೆ.

ನರವು ದಿನಕ್ಕೆ ಸುಮಾರು 1 ಮಿಲಿಮೀಟರ್ ಮಾತ್ರ ಬೆಳೆಯುತ್ತದೆ. ನರದ ಸಂಪರ್ಕವಿಲ್ಲದ ಸ್ನಾಯುವಾದರೋ ಒಂದು, ಒಂದೂವರೆ ವರ್ಷದಲ್ಲಿ ಮರಳಿ ಬಾರದಷ್ಟು ಸೊರಗುತ್ತದೆ. ಆದುದರಿಂದ ಶಸ್ತ್ರಚಿಕಿತ್ಸೆಯು ಸಾಮಾನ್ಯವಾಗಿ 6 ತಿಂಗಳೊಳಗೆ ನಡೆಯಬೇಕು. ಮೂಳೆ ಮುರಿದಿಲ್ಲವೆಂದು ಎಣ್ಣೆ ತಿಕ್ಕಿ ಕಾಯುತ್ತಾ ಕುಳಿತರೆ ಈ ಅವಕಾಶ ಕೈತಪ್ಪುತ್ತದೆ. ಕೈ ಜೋಮು ಹಿಡಿದಿದ್ದರೆ ಅಥವಾ ಏಳದಿದ್ದರೆ ಕೂಡಲೇ ನರತಜ್ಞರನ್ನು ಕಾಣಬೇಕು.

ತಡೆಗಟ್ಟುವಿಕೆ

ನೆಲದಲ್ಲಿ ನಿಂತೇ ಕೊಯ್ಯುವ, ಸಿಂಪಡಿಸುವ ಉದ್ದನೆಯ ದೋಟಿಗಳು ಮರವೇರುವ ಅಗತ್ಯವನ್ನು ತಗ್ಗಿಸುತ್ತವೆ.