ನಮೂನೆ ನೋಡದೆ ಸಾಫ್ಟ್‌ವೇರ್ ಕೊಳ್ಳಬೇಡಿ

ಸಾಂಗಲಿಯ ಮಾರ್ಕೆಟ್ ಯಾರ್ಡಿನಲ್ಲಿ ಅರಿಷಿಣದ ಸವಾಲು ನಡೆಯುವಾಗ ಖರೀದಿದಾರರು ಕೊಂಬನ್ನು ಮುರಿದು ಒಳಗಿನ ಬಣ್ಣ ನೋಡಿಯೇ ದರ ಕೂಗುತ್ತಾರೆ. ಮಿರಜದ ಸಿತಾರ ಕಟ್ಟುವವರು ತಂತಿಯ ಕೆಳಗಿನ ಕುದುರೆಗೆ ತುಸುವೇ ಅರ ಹಾಕಿ, ಮೀಟಿ, ಕೇಳಿ, ಮತ್ತೆ ಅರ ಹಾಕುತ್ತಾರೆ. ಇಂಥ ಊರುಗಳಲ್ಲಿ ಅಂಗಡಿ ನಡೆಸುವ ನಾವು ಲೆಕ್ಕದ ಸಾಫ್ಟ್‌ವೇರ್ ತರುವಾಗ ಮಾತ್ರ ಮಾರುವವನ ಮಾತನ್ನೇ ನಂಬುತ್ತೇವೆ!

'ಟ್ಯಾಲಿ' ಹುಟ್ಟಿದ ಬಗೆ ನೆನೆಯೋಣ. ಬೆಂಗಳೂರಿನ ಶ್ಯಾಮಸುಂದರ ಗೋಯೆಂಕಾ ಅವರಿಗೆ ತಮ್ಮ ವ್ಯಾಪಾರಕ್ಕೆ ಒಗ್ಗುವ ಸಾಫ್ಟ್‌ವೇರ್ ಸಿಗಲಿಲ್ಲ. ಗಣಿತ ಓದಿದ್ದ ಮಗ ಭರತ ಅವರಿಗೇ ಬರೆಯಲು ಹೇಳಿದರು. 1986ರಲ್ಲಿ ಕಂಪನಿ ಆರಂಭವಾಯಿತು. ಬರೆಯುವವನೂ ಬಳಸುವವನೂ ಒಂದೇ ಮನೆಯವರಾದರೆ ದೂರು ತಲುಪಲು ತಡವಾಗದು. ನಮಗೆ ಆ ಅನುಕೂಲವಿಲ್ಲ.

2017ರ ಜುಲೈ 1ರಂದು ಜಿಎಸ್‌ಟಿ ಬಂತು. ಮೊದಲ 3ಬಿ ರಿಟರ್ನಿಗೆ ಆಗಸ್ಟ್ 20 ಕೊನೆಯ ದಿನ. ಹಿಂದಿನ ದಿನವೇ ಪೋರ್ಟಲ್ ಕೈಕೊಟ್ಟು ಗಡುವು 25ಕ್ಕೆ ಹೋಯಿತು. ಪರೀಕ್ಷೆ ಸಾಲದೆ ತೆರೆದರೆಂದು ಅಂದು ಎಲ್ಲರೂ ಬೈದರು. ಆದರೆ ಲಕ್ಷಾಂತರ ವ್ಯಾಪಾರಿಗಳು ಒಟ್ಟಿಗೆ ನುಗ್ಗಿದಾಗ ಮಾತ್ರ ಕಾಣುವ ದೋಷಗಳೂ ಇರುತ್ತವೆ. ಪೂರ್ತಿ ನಿರ್ದೋಷವಾಗುವ ತನಕ ಕಾಯುವುದೂ ಆಗದ ಮಾತು. ಮೊದಲ ತಿಂಗಳುಗಳಲ್ಲಿ ದಂಡವಿಲ್ಲದೆ ನಡೆಸಿ, ದೂರು ಕೇಳಿ ತಿದ್ದುವುದೇ ಸರಿ ಎಂಬುದು ನಮ್ಮ ಅಭಿಪ್ರಾಯ. ಆ ನವೆಂಬರಿನಲ್ಲಿ ಗುವಾಹಟಿಯಲ್ಲಿ ಸೇರಿದ ಮಂಡಳಿಯೂ ಶೂನ್ಯ ರಿಟರ್ನಿನ ವಿಳಂಬ ಶುಲ್ಕವನ್ನು ದಿನಕ್ಕೆ 200 ರೂಪಾಯಿಯಿಂದ 20ಕ್ಕೆ ಇಳಿಸಿತು.

ನಮ್ಮ ಅಂಗಡಿಗಳಿಗೂ ಇದೇ ದಾರಿ. ಅರಿಷಿಣದ ಸುಗ್ಗಿಯಲ್ಲಿ ಹೊಸ ಸಾಫ್ಟ್‌ವೇರ್ ಹಾಕಬೇಡಿ. ಚಾತುರ್ಮಾಸದಲ್ಲಿ ಆವಕ ಕಡಿಮೆ, ಆಗ ಹಾಕಿ. ಒಂದು ತಿಂಗಳು ಹಳೆಯ ಕಿರ್ದಿ-ಖತಾವಣಿಯೂ ಜೊತೆಗೇ ನಡೆಯಲಿ. ಸರಳ ಬಿಲ್ಲು ಎಲ್ಲದರಲ್ಲೂ ಸರಿ ಬರುತ್ತದೆ. ಹಿಂದಕ್ಕೆ ಬಂದ ಚೀಲ, ತೂಕದ ಕೊರತೆ, ರೈತನ ಪಟ್ಟಿಯಲ್ಲಿ ಹಮಾಲಿ-ತೋಲಾಯಿಯ ಕಡಿತ, ಪೈಸೆಯ ಪೂರ್ಣಾಂಕ, ಇವನ್ನು ಹಾಕಿ ನೋಡಿ. ರೈತನ ಪಟ್ಟಿಯಲ್ಲಿ ಹತ್ತು ರೂಪಾಯಿ ತಪ್ಪಿದರೂ ಹೋಗುವುದು ಮನೆತನದ ಹೆಸರು. ಅಚೌರ್ಯ ವ್ರತದ ಮಾತು ಬೇರೆ.

2019ರ ಆಗಸ್ಟಿನಲ್ಲಿ ಕೃಷ್ಣೆಯ ನೀರು ಸಾಂಗಲಿಯೊಳಗೆ ನುಗ್ಗಿದ್ದನ್ನು ಮರೆಯುವಂತಿಲ್ಲ. ಲೆಕ್ಕದ ನಕಲು ಅದೇ ಅಂಗಡಿಯ ಕಪಾಟಿನಲ್ಲಿದ್ದರೆ ಅದು ನಕಲೇ ಅಲ್ಲ. ಬೇರೆ ಊರಿನ ನೆಂಟರ ಕಂಪ್ಯೂಟರಿನಲ್ಲಿ ಅದನ್ನು ತೆರೆದು, ಶಿಲ್ಕು ತಾಳೆಯಾಗುತ್ತದೆಯೇ ನೋಡಿ.

ಕೊನೆಗೆ, ದಿನವಿಡೀ ಕೀಲಿ ಒತ್ತುವ ಗುಮಾಸ್ತರನ್ನು ಕೇಳಿ. ಮಾಲೀಕರು ಪಕ್ಕದಲ್ಲಿ ಕೂತಿದ್ದರೆ ಅವರು "ಎಲ್ಲಾ ಬರೋಬರಿ ಐತ್ರೀ" ಎನ್ನುತ್ತಾರೆ. ಒಂದು ವಹಿ ಕೊಟ್ಟು, ತೊಡಕಾದಾಗಲೆಲ್ಲ ತಾರೀಖು ಹಾಕಿ ಬರೆಯಿರೆಂದು ಹೇಳಿ ಎದ್ದು ಹೋಗಿ. ಸಾಫ್ಟ್‌ವೇರಿನವನು ಬಂದಾಗ ಅವನ ಮುಂದಿಡಬೇಕಾದದ್ದು ಆ ವಹಿ.