ಲಿವರ್ ಎಂಬ ಕನ್ನಂಬಾಡಿ

ಹನೂರಿನ ಕಡೆಯ ಓದುಗರೊಬ್ಬರು ಕೇಳಿದ್ದಾರೆ: "ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತೇವೆ. ಬೆಳಿಗ್ಗೆ ಎದ್ದರೆ ಸೊಪ್ಪಿನ ಕೆಲಸ, ನಡುವೆ ಟೀ-ಬನ್ನು. ಹನ್ನೊಂದಕ್ಕೆ ಇನ್ನೊಂದು ಟೀ. ಮಧ್ಯಾಹ್ನ ತಟ್ಟೆ ತುಂಬ ಅನ್ನ-ಸಾರು. ಮೂರು ಗಂಟೆಗೆ ಕೈಕಾಲು ಬಿದ್ದುಹೋದ ಹಾಗಾಗುತ್ತದೆ. ನಮ್ಮಪ್ಪ ಹಿಟ್ಟು ಉಂಡು ಹೊತ್ತು ಮುಳುಗುವವರೆಗೆ ಉಳುತ್ತಿದ್ದರು. ರಾಗಿಗೆ ಮರಳಿದರೆ ನನಗೂ ಆ ಶಕ್ತಿ ಬರುತ್ತದಾ?"

ಹಿಟ್ಟು ಅಂದರೆ ಆ ಸೀಮೆಯಲ್ಲಿ ಮುದ್ದೆ. ಹಿಟ್ಟು ತಿಂದವನು ಬೆಟ್ಟ ಕಿತ್ತಿಟ್ಟ ಎಂಬ ಗಾದೆ ಇರುವ ನಾಡಿನಲ್ಲಿ ಇದಕ್ಕೆ 'ಹೌದು' ಎಂದು ಬರೆದುಬಿಡುವುದು ಸುಲಭ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷ ಎಂದು ಸಾರಿದ ಮೇಲಂತೂ ರಾಗಿ ಬಿಸ್ಕತ್ತು, ರಾಗಿ ನೂಡಲ್ಸ್, ಕಂಡದ್ದೆಲ್ಲ 'ಸೂಪರ್‌ಫುಡ್'. ಆದರೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಪಟ್ಟಿ ತೆರೆದರೆ ಗಾದೆ ಸ್ವಲ್ಪ ತಡವರಿಸುತ್ತದೆ. ನೂರು ಗ್ರಾಂ ಬಿಳಿ ಅಕ್ಕಿಯಲ್ಲಿ ಸುಮಾರು 356 ಕ್ಯಾಲರಿ, ರಾಗಿಯಲ್ಲಿ 321. ಕ್ಯಾಲರಿಯನ್ನೇ ಶಕ್ತಿ ಎನ್ನುವುದಾದರೆ ಅಕ್ಕಿಯೇ ಗೆದ್ದಿತು. ರಾಗಿ ಗೆಲ್ಲುವುದು ಬೇರೆ ಲೆಕ್ಕದಲ್ಲಿ: ಸುಣ್ಣದಂಶ ಸುಮಾರು 364 ಮಿಲಿಗ್ರಾಂ, ಅಕ್ಕಿಯಲ್ಲಿ ಹತ್ತೂ ಇಲ್ಲ, ನಾರು 11 ಗ್ರಾಂ, ಅಕ್ಕಿಯಲ್ಲಿ ಮೂರಕ್ಕಿಂತ ಕಡಿಮೆ.

ಹಾಗಾದರೆ ಅಪ್ಪನಿಗೆ ಇದ್ದದ್ದೇನು? ಎಷ್ಟು ಶಕ್ತಿ ಬಂತು ಎನ್ನುವುದಕ್ಕಿಂತ ಅದು ಎಷ್ಟು ಸಮವಾಗಿ ಹರಿಯಿತು ಎಂದು ನೋಡಬೇಕು. ಇದಕ್ಕೆ ಕೊಳ್ಳೇಗಾಲದವರಿಗೆ ಉದಾಹರಣೆ ಬಾಗಿಲಲ್ಲೇ ಇದೆ. ಮಳೆಗಾಲ ಜೋರಾದಾಗ ಭರಚುಕ್ಕಿ ಜಲಪಾತಕ್ಕೆ ಹೋಗಿ ನೋಡಿ, ಹಾಲಿನ ಗೋಡೆ ನಿಂತಂತೆ ನೀರು. ಏಪ್ರಿಲ್‌ನಲ್ಲಿ ಹೋದರೆ ಬರೀ ಕರೀ ಬಂಡೆ. ಕಾವೇರಿಯ ಆಚೆ ದಡದ ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ ಕೇಂದ್ರ ಶುರುವಾಗಿ, ತಂತಿ ಎಳೆದು ಸುಮಾರು 147 ಕಿಲೋಮೀಟರ್ ಆಚೆಯ ಕೋಲಾರದ ಚಿನ್ನದ ಗಣಿಗೆ ಕರೆಂಟು ಕೊಟ್ಟರು. ಇದರ ಹಿಂದಿದ್ದ ದಿವಾನ್ ಶೇಷಾದ್ರಿ ಅಯ್ಯರ್ ಅದನ್ನು ನೋಡಲಿಲ್ಲ, 1901ರಲ್ಲೇ ತೀರಿಕೊಂಡಿದ್ದರು. ಗಣಿಯ ಯಂತ್ರಕ್ಕೆ ಆಗಸ್ಟ್ ಏನು, ಏಪ್ರಿಲ್ ಏನು? ಅದಕ್ಕೆ ದಿನವೂ ಅಷ್ಟೇ ನೀರಿನ ಬಲ ಬೇಕು. ಬೇಸಿಗೆಯಲ್ಲಿ ಕಾವೇರಿ ಸೊರಗಿದರೆ ಕರೆಂಟೂ ಸೊರಗಿತು. 1911ರಲ್ಲಿ ಶುರುವಾಗಿ ಇಪ್ಪತ್ತು ವರ್ಷ ನಡೆದ ಕನ್ನಂಬಾಡಿ ಕಟ್ಟೆಯ ಕೆಲಸವನ್ನು ನಾವು ನೆನೆಯುವುದು ಮಂಡ್ಯದ ಗದ್ದೆಗಳಿಗಾಗಿ. ಆದರೆ ಶಿವನಸಮುದ್ರಕ್ಕೆ ವರ್ಷವಿಡೀ ಸಮವಾಗಿ ನೀರು ಬಿಡಬೇಕು ಎನ್ನುವುದೂ ಅದರ ಮುಖ್ಯ ಉದ್ದೇಶಗಳಲ್ಲೊಂದು.

ನಮ್ಮ ಮೈಯೊಳಗೂ ಇದೇ ತಾಪತ್ರಯ. ದೊಡ್ಡವರೊಬ್ಬರ ಇಡೀ ರಕ್ತದಲ್ಲಿ ಒಂದು ಹೊತ್ತಿಗೆ ಇರುವ ಗ್ಲೂಕೋಸ್ ಎಷ್ಟು ಗೊತ್ತೇ? ನಾಲ್ಕೈದು ಗ್ರಾಂ, ಅಂದರೆ ಒಂದು ಟೀ ಚಮಚ. ಮಿದುಳೊಂದೇ ದಿನಕ್ಕೆ ಸುಮಾರು 120 ಗ್ರಾಂ ಕೇಳುತ್ತದೆ. ಗಂಟೆಗೊಂದು ಚಮಚ ಆಯಿತು. ರಾತ್ರಿ ಒಂಬತ್ತಕ್ಕೆ ಉಂಡು ಮಲಗಿದವರು ಬೆಳಗಾಗುವ ಮೊದಲೇ ಪ್ರಜ್ಞೆ ತಪ್ಪಬೇಕಿತ್ತು. ತಪ್ಪುವುದಿಲ್ಲ, ಏಕೆಂದರೆ ಎಲ್ಲೋ ಕಟ್ಟೆಯಿದೆ.

ಆ ಕಟ್ಟೆ ಹುಡುಕಿದವನು ಫ್ರಾನ್ಸಿನ ಕ್ಲೋಡ್ ಬರ್ನಾರ್. ಸಕ್ಕರೆ ತಯಾರಿಸುವುದು ಗಿಡಗಳು, ಪ್ರಾಣಿಗಳು ಅದನ್ನು ತಿಂದು ಸುಡುತ್ತವೆ ಅಷ್ಟೇ ಎಂದು ಆಗಿನ ದೊಡ್ಡ ದೊಡ್ಡವರೆಲ್ಲ ನಂಬಿದ್ದರು. 1848ರ ಹೊತ್ತಿಗೆ ಬರ್ನಾರ್ ನಾಯಿಗಳಿಗೆ ಬರೀ ಮಾಂಸ ಹಾಕಿ ನೋಡಿದ. ಹೊಟ್ಟೆಗೆ ಸಕ್ಕರೆಯೇ ಹೋಗಿಲ್ಲ, ಆದರೂ ಲಿವರ್‌ನಿಂದ ಹೊರಬರುವ ರಕ್ತದಲ್ಲಿ ಸಕ್ಕರೆ! ಒಂದೇ ಅಳತೆಯನ್ನು ಎರಡೆರಡು ಬಾರಿ ಮಾಡುವ ಅಭ್ಯಾಸ ಅವನದು. ಒಮ್ಮೆ ಹೊತ್ತು ಸಾಲದೆ ಎರಡನೆಯದನ್ನು ಮಾರನೆಯ ದಿನಕ್ಕೆ ಬಿಟ್ಟ. ಬೆಳಿಗ್ಗೆ ನೋಡಿದರೆ ಅದೇ ಲಿವರಿನಲ್ಲಿ ಸಕ್ಕರೆ ಇನ್ನೂ ಹೆಚ್ಚಿತ್ತು. ಕಾರಣ ಹುಡುಕಲು 1855ರಲ್ಲಿ ಲಿವರೊಂದರ ನಾಳಗಳಲ್ಲಿ ನೀರು ಹಾಯಿಸಿ ಸಕ್ಕರೆಯನ್ನೆಲ್ಲ ತೊಳೆದು ಖಾಲಿ ಮಾಡಿದ. ಮರುದಿನ ತೊಳೆದಿಟ್ಟ ಲಿವರ್‌ನಲ್ಲಿ ಮತ್ತೆ ಸಕ್ಕರೆ. ಮಾಡುತ್ತಿದ್ದ ಕೆಲಸ ಅರ್ಧಕ್ಕೆ ನಿಂತದ್ದರಿಂದ ಸಿಕ್ಕ ಶೋಧ ಇದು. ಲಿವರ್ ತನ್ನೊಳಗೆ ಏನನ್ನೋ ಕೂಡಿಟ್ಟುಕೊಂಡು ಕರಗಿಸಿ ಕರಗಿಸಿ ಬಿಡುತ್ತಿದೆ ಎಂದು ತಿಳಿಯಿತು. 1857ರಲ್ಲಿ ಅದನ್ನು ಬೇರ್ಪಡಿಸಿ ಗ್ಲೈಕೋಜನ್ ಎಂದು ಕರೆದ.

ಲಿವರ್ ಎಂಬ ಕಟ್ಟೆ ಹಿಡಿಯುವುದು ಸುಮಾರು 100 ಗ್ರಾಂ. ಮಾಂಸಖಂಡಗಳಲ್ಲಿ ಇದರ ನಾಲ್ಕು ಪಟ್ಟು ಇರುತ್ತದೆ, ಆದರೆ ಅದು ಹೊಲದ ಮೂಲೆಯ ಕೃಷಿಹೊಂಡದ ಹಾಗೆ, ಆ ಹೊಲಕ್ಕೆ ಮಾತ್ರ. ತಾಳಬೆಟ್ಟದಿಂದ ಮಾದಪ್ಪನ ಬೆಟ್ಟಕ್ಕೆ ನಡೆದು ಹತ್ತುವವರ ತೊಡೆಯಲ್ಲಿ ಗ್ಲೈಕೋಜನ್ ಎಷ್ಟೇ ಇರಲಿ, ಅದು ಗ್ಲೂಕೋಸ್ ಆಗಿ ನೇರವಾಗಿ ಮಿದುಳಿಗೆ ಹೋಗುವುದಿಲ್ಲ. ಒಳ್ಳೆಯ ಸಂಗತಿಯೂ ಒಂದಿದೆ. ನಡೆಯುವ ಕಾಲು ರಕ್ತದ ಗ್ಲೂಕೋಸನ್ನು ಇನ್ಸುಲಿನ್‌ಗೆ ಕಾಯದೆ ತಾನೇ ಎಳೆದುಕೊಳ್ಳುತ್ತದೆ. ಉಂಡು ಹತ್ತು ಹದಿನೈದು ನಿಮಿಷ ಓಡಾಡಿದರೆ ಊಟದ ನಂತರದ ನೆರೆ ತಗ್ಗುವುದು ಇದರಿಂದಲೇ.

ಈಗ ಟೀ-ಬನ್ನಿಗೆ ಬನ್ನಿ. ಮೈದಾ ಮತ್ತು ಸಕ್ಕರೆ ಜೊತೆಗೂಡಿದರೆ ಕರುಳಲ್ಲಿ ತಡೆಯೇ ಇಲ್ಲ, ಭರಚುಕ್ಕಿಯ ಆಗಸ್ಟ್. ನೆರೆ ಕಂಡ ಇನ್ಸುಲಿನ್ ಎಲ್ಲ ತೂಬುಗಳನ್ನೂ ತೆರೆಯುತ್ತದೆ. ಕೆಲವರಲ್ಲಿ ಎರಡು ಮೂರು ಗಂಟೆಯ ಹೊತ್ತಿಗೆ ಗ್ಲೂಕೋಸ್ ಮೊದಲಿದ್ದ ಮಟ್ಟಕ್ಕಿಂತ ಕೆಳಗಿಳಿಯುತ್ತದೆ. ಬ್ರಿಟನ್ ಮತ್ತು ಅಮೆರಿಕದ ಸುಮಾರು 1,070 ಜನರ ಮೈಗೆ ಸೆನ್ಸರ್ ಅಂಟಿಸಿ ನೋಡಿದ ಅಧ್ಯಯನವೊಂದು 2021ರಲ್ಲಿ ಹೊರಬಂತು. ಈ ಇಳಿತ ಹೆಚ್ಚಿದ್ದವರಿಗೆ ಬೇಗ ಹಸಿವಾಗುತ್ತಿತ್ತು, ದಿನದ ಊಟವೂ ಹೆಚ್ಚಾಗುತ್ತಿತ್ತು. ಹನ್ನೊಂದು ಗಂಟೆಯ ಟೀ ಕರೆಯುವುದು ಇಲ್ಲಿಂದಲೇ ಇರಬಹುದು. ಮೂರು ಗಂಟೆಯ ತೂಕಡಿಕೆಯ ತಪ್ಪನ್ನೆಲ್ಲ ಅನ್ನದ ಮೇಲೆ ಹಾಕಬೇಡಿ. ಊಟ ಬಿಟ್ಟರೂ ಆ ಹೊತ್ತಿಗೆ ಮೈಯ ಗಡಿಯಾರ ಸ್ವಲ್ಪ ಮಂಕಾಗುತ್ತದೆ. ತಟ್ಟೆ ತುಂಬ ಅನ್ನ ಅದನ್ನು ಇನ್ನಷ್ಟು ಭಾರ ಮಾಡುತ್ತದೆ.

ಆಹಾರಗಳು ಗ್ಲೂಕೋಸನ್ನು ಬಿಡುವ ವೇಗ ಬೇರೆ ಬೇರೆ ಎಂದು ಮೊದಲ ಬಾರಿ ಪಟ್ಟಿ ಮಾಡಿದ್ದು ಡೇವಿಡ್ ಜೆಂಕಿನ್ಸ್, 1981ರಲ್ಲಿ, 62 ಆಹಾರಗಳಿಗೆ. ಗ್ಲೈಸೆಮಿಕ್ ಇಂಡೆಕ್ಸ್ ಎಂಬ ಮಾತು ಅಲ್ಲಿಂದ ಬಂತು. ಅದರಲ್ಲಿ ಬೇಳೆಕಾಳುಗಳು ತಳದಲ್ಲಿ ಕೂತಿದ್ದವು. ರಾಗಿಯ ಅಭಿಮಾನಿಗಳು ಬೇಸರಿಸಬಾರದು: ನುಣ್ಣಗೆ ಬೀಸಿ, ಜರಡಿ ಹಿಡಿದು, ಕುದಿಯುವ ಎಸರಿನಲ್ಲಿ ಬೇಯಿಸಿ ತಿರುವಿದ ಹಿಟ್ಟಿನ ಪಿಷ್ಟ ಸಾಕಷ್ಟು ಬೇಗನೇ ಕರಗುತ್ತದೆ. ಬರೀ ಮುದ್ದೆಯನ್ನು ಬೆಲ್ಲದ ಜೊತೆ ನುಂಗಿದರೆ ಬನ್ನಿಗೂ ಅದಕ್ಕೂ ಜಗಳವಾಡುವಷ್ಟು ವ್ಯತ್ಯಾಸವಿಲ್ಲ.

ಆದರೆ ಅಪ್ಪ ಬರೀ ಮುದ್ದೆ ಉಣ್ಣುತ್ತಿರಲಿಲ್ಲ, ಅಲ್ಲವೇ? ಈ ಸೀಮೆಯ ಉಪ್ಸಾರಿನ ತಟ್ಟೆಯನ್ನು ಹತ್ತಿರದಿಂದ ನೋಡಿ. ಹುರುಳಿ ಕಾಳನ್ನೋ ಅವರೆಯನ್ನೋ ಸೊಪ್ಪಿನ ಜೊತೆ ಬೇಯಿಸಿ ಕಟ್ಟು ಬಸಿದದ್ದು ಒಂದು ಕಡೆ, ಒಗ್ಗರಣೆ ಬಿದ್ದ ಕಾಳು-ಸೊಪ್ಪು ಇನ್ನೊಂದು ಕಡೆ, ಅಂಚಿಗೆ ಹಸಿಮೆಣಸಿನ ಖಾರ, ಅದರ ಮೇಲೆ ಹಿಂಡಿದ ನಿಂಬೆಹೋಳು. ನಡುವೆ ಹಬೆಯಾಡುವ ಹಿಟ್ಟು. ಅಣ್ಣೆ, ಹೊನಗೊನೆ, ಕೀರೆ ಎಂದು ಹೊಲದ ಬದುವಿನಿಂದ ಕಿತ್ತ ಬೆರಕೆ ಸೊಪ್ಪಾದರೆ ಕಾಸಿನ ಖರ್ಚೂ ಇಲ್ಲ. ಒಣ ಹುರುಳಿಯಲ್ಲಿ ನೂರಕ್ಕೆ ಸುಮಾರು 22 ಗ್ರಾಂ ಪ್ರೋಟೀನು. ಈ ಕಾಳು-ಸೊಪ್ಪೇ ತೂಬು. ಹೊಟ್ಟೆಯಿಂದ ಕರುಳಿಗೆ ಎಷ್ಟು ನೀರು ಬಿಡಬೇಕೆಂದು ತೀರ್ಮಾನಿಸುವುದು ಅದು. ಮೊದಲು ಪಲ್ಯ ತಿಂದು ಆಮೇಲೆ ಮುದ್ದೆ ಮುರಿದರೆ ಇನ್ನೂ ವಾಸಿ. ತರಕಾರಿ, ಪ್ರೋಟೀನು ಮೊದಲು ತಿಂದು ಪಿಷ್ಟ ಕೊನೆಗೆ ತಿಂದರೆ ಸಕ್ಕರೆ ಕಡಿಮೆ ಏರುತ್ತದೆ ಎಂದು ನ್ಯೂಯಾರ್ಕಿನ ವೈದ್ಯರು 2015ರಲ್ಲಿ ಮಧುಮೇಹಿಗಳಲ್ಲಿ ಅಳೆದು ತೋರಿಸಿದರು. ಅನ್ನಕ್ಕೂ ಇದೇ ನ್ಯಾಯ. ರೇಷನ್ ಅಕ್ಕಿಯನ್ನು ಯಾರೂ ಬಿಸಾಡಬೇಕಿಲ್ಲ. ಅನ್ನ ಒಂದು ಸೌಟು ಕಡಿಮೆಯಾಗಿ ಹುರುಳಿ ಒಂದು ಸೌಟು ಹೆಚ್ಚಾದರೆ ಸಾಕು.

ತಂಗಳು ಹಿಟ್ಟಿನ ಬಗ್ಗೆಯೂ ಕೇಳುವವರಿದ್ದಾರೆ. ಬೆಂದ ಪಿಷ್ಟ ರಾತ್ರಿಯೆಲ್ಲ ತಣ್ಣಗಾದಾಗ ಅದರ ಒಂದು ಪಾಲು ಮತ್ತೆ ಗಟ್ಟಿಯಾಗಿ ಹೆಣೆದುಕೊಂಡು ಬೇಗ ಜೀರ್ಣವಾಗದೆ ಉಳಿಯುತ್ತದೆ. ಮಜ್ಜಿಗೆಯಲ್ಲಿ ಕಿವುಚಿ ಕುಡಿದರೆ ಲಾಭ ಇದೆ. ಲಾಭ ಚಿಕ್ಕದು, ಅದಕ್ಕಾಗಿ ಪವಾಡದ ವಿಡಿಯೋ ಮಾಡುವಷ್ಟಿಲ್ಲ. ಆದರೆ ಟೀ-ಬನ್ನಿನ ಜಾಗದಲ್ಲಿ ಅದು ಬಂದರೆ ದಿನವೇ ಬದಲಾಗುತ್ತದೆ.

ಟೀ ಬಿಡಿ ಎನ್ನುವ ಧೈರ್ಯ ನನಗಿಲ್ಲ. ಊಟಕ್ಕೆ ಒಂದು ಗಂಟೆ ಮೊದಲು, ಒಂದು ಗಂಟೆ ನಂತರ ಬೇಡ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2024ರ ಆಹಾರ ಮಾರ್ಗಸೂಚಿ ಹೇಳುತ್ತದೆ. ಸೊಪ್ಪಿನ ಕಬ್ಬಿಣವನ್ನು ಟೀಯ ಟ್ಯಾನಿನ್ ಹಿಡಿದು ಕೂರಿಸಿಬಿಡುತ್ತದೆ, ನಿಂಬೆಹುಳಿ ಅದನ್ನು ಮೈಗೆ ಹತ್ತಿಸುತ್ತದೆ. ರಾಜ್ಯದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇಕಡ 47.8 ಮಂದಿಗೆ ರಕ್ತಹೀನತೆ ಎಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಲೆಕ್ಕ ಕೊಟ್ಟಿದೆ. ಅವರ ಸುಸ್ತಿಗೆ ಕಟ್ಟೆಯ ಕಥೆ ಸಾಲದು, ರಕ್ತಪರೀಕ್ಷೆ ಆಗಬೇಕು. ಯಳಂದೂರಿನ ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದವರು ಸೋಲಿಗರಲ್ಲಿ ಸಿಕಲ್ ಸೆಲ್ ರಕ್ತಹೀನತೆಯನ್ನು ಗುರುತಿಸಿದ್ದಾರೆ. ಅದು ಹುಟ್ಟಿನಿಂದಲೇ ಬರುವಂಥದ್ದು, ಯಾವ ಸೊಪ್ಪೂ ಅದನ್ನು ಕಳೆಯದು. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಊಟ ಬದಲಿಸುವ ಮೊದಲು ವೈದ್ಯರ ಹತ್ತಿರ ಮಾತಾಡಲಿ.

ಹೊಸ ಊಟ ರೂಢಿ ಆಗಲು ಎಷ್ಟು ದಿನ ಬೇಕು? 21 ದಿನ ಎಂಬುದು ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಜ್ 1960ರಲ್ಲಿ ಬರೆದ ಪುಸ್ತಕದಿಂದ ಹಬ್ಬಿದ ಮಾತು. ಲಂಡನ್ನಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು ಹನ್ನೆರಡು ವಾರ ಗಮನಿಸಿ 2010ರಲ್ಲಿ ವರದಿ ಮಾಡಿದ್ದು ಸರಾಸರಿ 66 ದಿನ. ಒಬ್ಬರಿಗೆ 18, ಇನ್ನೊಬ್ಬರಿಗೆ ಅಂದಾಜು 254. ನಡುವೆ ಒಂದು ದಿನ ತಪ್ಪಿದರೆ ಏನೂ ಕೆಡಲಿಲ್ಲ. ಮೊದಲೇ ಇರುವ ಕೆಲಸವೊಂದಕ್ಕೆ ಹೊಸದನ್ನು ಗಂಟು ಹಾಕಿಕೊಂಡರೆ ಅದು ನಿಲ್ಲುತ್ತದೆ.

ಪತ್ರ ಬರೆದವರ ಮನೆಯಲ್ಲಿ ಆ ಗಂಟು ಆಗಲೇ ಇದೆ. ಕೊನೇ ಜ್ವರ ಎದ್ದ, ಅಂದರೆ ಕೊನೆಯ ಸಲ ಪೊರೆ ಬಿಟ್ಟ ಹುಳು ತನ್ನ ಇಡೀ ಆಯುಸ್ಸಿನ ಸೊಪ್ಪಿನಲ್ಲಿ ಶೇಕಡ 80ಕ್ಕೂ ಹೆಚ್ಚನ್ನು ಆ ಒಂದು ವಾರದಲ್ಲಿ ಮೇಯುತ್ತದೆ. ಆಗ ಮಳೆ ಬರಲಿ, ಮದುವೆ ಇರಲಿ, ಸೊಪ್ಪಿನ ಹೊತ್ತು ತಪ್ಪಿಸುವವರಿಲ್ಲ. ಒದ್ದೆ ಸೊಪ್ಪು, ಬಾಡಿದ ಸೊಪ್ಪು ಹಾಕುವವರೂ ಇಲ್ಲ. ಬೆಳಗಿನ ಸೊಪ್ಪು ಹಾಕಿ, ತಟ್ಟೆಗಳಲ್ಲಿ ಸಣ್ಣ ಮಳೆ ಬಂದಂತೆ ಚರಚರ ಶಬ್ದ ಶುರುವಾದ ಮೇಲೆ ಕೈ ತೊಳೆಯುತ್ತೀರಲ್ಲ, ಮಜ್ಜಿಗೆಯಲ್ಲಿ ಕಿವುಚಿದ ಹಿಟ್ಟು, ಮೇಲೆ ನಿನ್ನೆಯ ಹುರುಳಿ ಪಲ್ಯ, ಆಗ. ಟೀ ಆಮೇಲೆ, ಸೊಪ್ಪು ಕೊಯ್ದು ಬಂದ ಮೇಲೆ.