ಕೊಬ್ಬರಿ ಬಿಟ್ಟು ಹೊರಟ ಸೂಟ್‌ಕೇಸು

ನಮ್ಮ ಮಂಡಿಯ ತೂಕದ ಯಂತ್ರದ ಮೇಲೆ ಕೊಬ್ಬರಿ ಚೀಲ ಬಿಟ್ಟು ಬೇರೇನೂ ಕೂತಿದ್ದನ್ನು ನಾನು ಕಂಡಿರಲಿಲ್ಲ. ಜೂನ್ ತಿಂಗಳ ಆ ಸಂಜೆ ಅದರ ಮೇಲೆ ನನ್ನ ನೀಲಿ ಸೂಟ್‌ಕೇಸು ಕೂತಿತ್ತು. ಅಪ್ಪ ಕನ್ನಡಕ ಹಣೆಗೇರಿಸಿ, ರೈತರಿಗೆ ತೂಕ ಕೂಗಿ ಹೇಳುವ ಧಾಟಿಯಲ್ಲೇ ಕೂಗಿದರು: "ಇಪ್ಪತ್ಮೂರು ನಾನೂರು!" ಟಿಕೆಟ್ಟಿನಲ್ಲಿ ಇದ್ದದ್ದು 23 ಕೆ.ಜಿ. ಮಿಕ್ಕ 400 ಗ್ರಾಂ ಎಲ್ಲಿಂದ ಬಂತೆಂದು ಜಿಪ್ ಎಳೆದರೆ, ಮಡಿಸಿಟ್ಟ ಚೂಡಿದಾರಗಳ ನಡುವೆ ಹಳೇ ಪೇಪರಿನಲ್ಲಿ ಸುತ್ತಿದ ನಾಲ್ಕು ಉಂಡೆ ಕೊಬ್ಬರಿ.

"ಅಟ್ಟದ ಮೇಲೆ ಹನ್ನೊಂದು ತಿಂಗಳು ಒಣಗಿದ್ದು ಮಗಾ. ಅಲ್ಲಿ ಇಂಥದ್ದೆಲ್ಲಿ ಸಿಗುತ್ತೆ?"

"ಕೊಬ್ಬರಿ ಬಿಡಲ್ಲಪ್ಪ ವಿಮಾನದಲ್ಲಿ."

ತಿಪಟೂರಿನ ವರ್ತಕನಿಗೆ ಹೇಳುವ ಮಾತೇ ಅದು? ಫೋನಿನಲ್ಲಿ ತೆರೆದು ತೋರಿಸಿದೆ. ಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ, ಒತ್ತೊತ್ತಾಗಿ ತುಂಬಿಟ್ಟರೆ ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳಬಹುದು. ವಿಶ್ವಸಂಸ್ಥೆಯ ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿ ಅದಕ್ಕೊಂದು ನಂಬರು ಉಂಟು: 1363, ವರ್ಗ 4.2. ಪವರ್ ಬ್ಯಾಂಕ್, ಲೈಟರುಗಳ ಸಾಲಿನಲ್ಲಿ ಇದೂ ಚೆಕ್-ಇನ್ ಲಗೇಜಿಗೆ ನಿಷಿದ್ಧ. ಅಪ್ಪ ಪರದೆಯನ್ನೇ ದಿಟ್ಟಿಸಿ ನೋಡಿದರು. "ಮಡ್ಲಕ್ಕಿಗೆ ಇಡೋ ಕೊಬ್ಬರಿ ಪೆಟ್ರೋಲ್ ಜತೆ ಸೇರ್ತಾ? ಯಾರವರು ಇದನ್ನ ಬರ್ದೋರು?"

ಅಮ್ಮ ವಾದಕ್ಕಿಳಿಯಲಿಲ್ಲ. ನಾಲ್ಕನ್ನೂ ಸೆರಗಿಗೆ ಹಾಕಿಕೊಂಡು ಒಳಗೆ ಹೋದಳು. ರಾತ್ರಿ ಹತ್ತರ ಹೊತ್ತಿಗೆ ಅವು ಬ್ಯಾಡಗಿ ಮೆಣಸಿನಕಾಯಿ, ಹುರಿಗಡಲೆ, ಬೆಳ್ಳುಳ್ಳಿಯ ಜತೆ ಚಟ್ನಿಪುಡಿಯಾಗಿ ಡಬ್ಬಿ ಸೇರಿದ್ದವು. ತೂಕ ಸರಿಹೋಗಲಿ ಅಂತ ನಾನು ಒಂದು ಜತೆ ಶೂ ತೆಗೆದಿಟ್ಟೆ.

ನಾನು ಹೊರಟಿದ್ದು ಜಿನೀವಾಕ್ಕೆ, ಆರು ವಾರದ ಬೇಸಿಗೆ ಫೆಲೋಶಿಪ್‌ಗೆ. ಪೌರಕಾರ್ಮಿಕರ ವಿಚಾರ ಬರೆದುಕೊಂಡು ಬಂದವಳಿಗೆ ಅಲ್ಲಿನ ಒಂದು ಸಂಸ್ಥೆ, ಜೂನ್-ಜುಲೈನ ಮಾನವ ಹಕ್ಕುಗಳ ಮಂಡಳಿ ಅಧಿವೇಶನದ ಹೊತ್ತಿಗೆ ಬಂದು ಮಾಧ್ಯಮ ವಕಾಲತ್ತು ಕಲಿಯಿರಿ ಎಂದು ಕರೆದಿತ್ತು. "ವಕಾಲತ್ತು ಅಂದ್ರೆ ಕೋರ್ಟಿಂದೇನಮ್ಮ?" ಎಂದು ಪಕ್ಕದ ಮಂಡಿಯವರು ಕೇಳಿದಾಗ ಅಲ್ಲ ಅಂದಿದ್ದೆ. ಆಮೇಲೆ ಅನ್ನಿಸಿತು, ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ಒಬ್ಬರ ಪರವಾಗಿ ಇನ್ನೊಬ್ಬರು ನಿಂತು ಮಾತಾಡುವುದು, ಅದಕ್ಕೆ ಮುಂಚೆ ರಾಶಿ ಕಾಗದಕ್ಕೆ ಸಹಿ ಹಾಕುವುದು, ಎರಡೂ ಕಡೆ ಇದೇ.

ಕಾಗದದ ಕಥೆ ಏಪ್ರಿಲ್‌ನಲ್ಲೇ ಶುರುವಾಗಿತ್ತು. ಷೆಂಗೆನ್ ವೀಸಾಕ್ಕೆ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು, ಹದಿನೈದು ದಿನಕ್ಕಿಂತ ಹತ್ತಿರ ಬಂದರೆ ಆಗದು. ಶುಲ್ಕ 90 ಯುರೋ. ಪ್ರಯಾಣ ವಿಮೆ ಕನಿಷ್ಠ 30,000 ಯುರೋದ್ದು. ಫೋಟೊ 35 ಮಿ.ಮೀ. ಅಗಲ, 45 ಮಿ.ಮೀ. ಎತ್ತರ. ಆಹ್ವಾನ ಪತ್ರ, ಉಳಿದುಕೊಳ್ಳುವ ಜಾಗದ ಪತ್ರ, ಬ್ಯಾಂಕ್ ಸ್ಟೇಟ್‌ಮೆಂಟು, ರಜೆ ಮಂಜೂರಾದ ಪತ್ರ. ಖರ್ಚೆಲ್ಲ ಅವರೇ ಕೊಡುತ್ತಾರೆ ಎಂಬ ಸಾಲು ಆಹ್ವಾನದಲ್ಲಿ ಇರಲೇಬೇಕು. ಇಲ್ಲದಿದ್ದರೆ ಅಪ್ಪನ ಖಾತೆಯ ಪುಟಗಳನ್ನೂ ಲಗತ್ತಿಸಬೇಕಾಗುತ್ತಿತ್ತು. ಕೊಬ್ಬರಿ ವ್ಯಾಪಾರಿಯ ಖಾತೆ ಹಬ್ಬದ ಮುಂಚೆ ಒಂದು ತರಹ, ಹಬ್ಬದ ಮೇಲೆ ಇನ್ನೊಂದು ತರಹ.

ತೊಡಕು ಬಂದದ್ದು ಹೆಸರಿನಲ್ಲಿ. ಶಾಲೆಯ ರಿಜಿಸ್ಟರಿನಲ್ಲಿ ನನ್ನ ಹೆಸರಿನ ಹಿಂದೆ ಒಂದೇ ಅಕ್ಷರ, 'ಟಿ.' ಪಾಸ್‌ಪೋರ್ಟಿಗೆ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಿರಿ ಎಂದಿದ್ದರು. ಬಿಡಿಸಿದೆವು. ಟಿ ಅಂದರೆ ತಿಪಟೂರು. ಹೀಗೆ ಊರು ಹೋಗಿ ಉಪನಾಮದ ಖಾನೆಯಲ್ಲಿ ಕೂತಿತು. ಫೆಲೋಶಿಪ್ ಪತ್ರದಲ್ಲಿ ಬರೀ 'ಟಿ', ಟಿಕೆಟ್ಟಿನಲ್ಲಿ ನನ್ನ ಹೆಸರೇ ಎರಡು ಸಲ, ಪಾಸ್‌ಪೋರ್ಟಿನಲ್ಲಿ ತಿಪಟೂರು. ಮೂವರೂ ಒಬ್ಬಳೇ ಎಂದು ಒಪ್ಪಿಸಲು ಎಂಟು ಮೇಲ್, ಎರಡು ಫೋನು, ಟಿಕೆಟ್ ತಿದ್ದಿಸಲು ಒಂದಿಷ್ಟು ದಂಡ. ದಕ್ಷಿಣದವರು ಯಾರೇ ಹೊರದೇಶಕ್ಕೆ ಹೊರಡಲಿ, ಸೂಟ್‌ಕೇಸಿಗಿಂತ ಮುಂಚೆ ಈ ಇನಿಷಿಯಲ್ಲನ್ನು ಬಗೆಹರಿಸಿಕೊಳ್ಳಲಿ.

ಬೆಂಗಳೂರಿನ ವೀಸಾ ಕೇಂದ್ರದಲ್ಲಿ ನನ್ನ ಮುಂದಿದ್ದ ಅಜ್ಜಿ ಮಗಳ ಬಾಣಂತನಕ್ಕೆ ಹೊರಟಿದ್ದರು. ಅವರ ಬೆರಳಚ್ಚು ಯಂತ್ರಕ್ಕೆ ಸಿಗುತ್ತಿಲ್ಲ. ಹುಡುಗಿ ಒದ್ದೆ ಬಟ್ಟೆ ಕೊಟ್ಟು ಒರೆಸಿಸಿದಳು, ಮತ್ತೆ ಒತ್ತಿಸಿದಳು. "ರಾಗಿ ಬೀಸಿ ಬೀಸಿ ಸವ್ದೋಗಿದಾವೆ ಕಣಮ್ಮ," ಎಂದು ಅಜ್ಜಿ ನಕ್ಕರು. ನಮ್ಮೂರಿನ ಪೌರಕಾರ್ಮಿಕ ಅಕ್ಕಂದಿರು ಬೆಳಗಿನ ಜಾವ ಹಾಜರಿ ಯಂತ್ರದ ಮುಂದೆ ಹೀಗೇ ಬೆರಳು ಉಜ್ಜಿಕೊಂಡು ನಿಲ್ಲುವುದು ನೆನಪಾಯಿತು. ನನ್ನ ಹತ್ತೂ ಬೆರಳು ಒಂದೇ ಸಲಕ್ಕೆ ಒಪ್ಪಿಗೆಯಾದವು.

ಜಿನೀವಾಕ್ಕೆ ಬೆಂಗಳೂರಿನಿಂದ ನೇರ ವಿಮಾನವಿಲ್ಲ. ಕೊಲ್ಲಿಯಲ್ಲಿ ಇಳಿದು ಹತ್ತಿ, ಮಧ್ಯಾಹ್ನಕ್ಕೆ ತಲುಪಿ, ನಿಲ್ದಾಣದೊಳಗಿನಿಂದಲೇ ರೈಲು ಹಿಡಿದರೆ ಏಳೆಂಟು ನಿಮಿಷಕ್ಕೆ ಊರ ನಡುವಿನ ಕೊರ್ನವ್ಯಾಂ ಸ್ಟೇಷನ್. ಕೋಣೆ ಸಿಕ್ಕಿದ್ದು ವಿದ್ಯಾರ್ಥಿ ನಿಲಯದಲ್ಲಿ. ಬೇಸಿಗೆಯಲ್ಲಿ ಹುಡುಗರು ಊರಿಗೆ ಹೋದಾಗ ಖಾಲಿ ಕೋಣೆಗಳನ್ನು ನಮ್ಮಂಥವರಿಗೆ ಕೊಡುತ್ತಾರೆ. ಒಂದು ಮಂಚ, ಒಂದು ಮೇಜು, ಮಹಡಿಗೊಂದು ಅಡಿಗೆಮನೆ. ಫ್ಯಾನ್ ಇಲ್ಲ. ಕಿಟಕಿ ತೆಗೆದರೆ ರಾತ್ರಿ ಒಂಬತ್ತೂವರೆಯಾದರೂ ಬೆಳಕು. ಅಷ್ಟು ಹೊತ್ತಿಗೆ ತಿಪಟೂರಿನಲ್ಲಿ ಒಂದು ಗಂಟೆ, ಅಮ್ಮ ಎದ್ದು ಕೂತು ವಿಡಿಯೋದಲ್ಲಿ "ಇನ್ನೂ ಹೊತ್ತು ಮುಳುಗಿಲ್ವಾ!" ಎಂದು ಹಿಂದಿನ ಗೋಡೆಯ ಬೆಳಕನ್ನೇ ನೋಡುತ್ತಿದ್ದಳು.

ಮೊದಲ ದಿನ ಸೋಲಿಸಿದ್ದು ಗೋಡೆಯ ಪ್ಲಗ್ಗು. ಸ್ವಿಟ್ಜರ್‌ಲೆಂಡಿನ ಸಾಕೆಟ್ ಆರು ಮೂಲೆಯ ಗುಂಡಿ. ತೆಳು ಕಡ್ಡಿಗಳು ಮಾತ್ರ ಒಳಗೆ ಹೋಗುತ್ತವೆ. 'ಜಗತ್ತಿಗೆಲ್ಲ ಒಂದೇ' ಎಂದು ನಾನು ಕೊಂಡೊಯ್ದಿದ್ದ ಅಡಾಪ್ಟರಿನ ದಪ್ಪ ಹೊಟ್ಟೆ ಆ ಗುಂಡಿಯಲ್ಲಿ ಇಳಿಯಲೇ ಇಲ್ಲ. ಅಂದು ಭಾನುವಾರ ಬೇರೆ. ಊರಿಗೆ ಊರೇ ಬಾಗಿಲು ಹಾಕಿತ್ತು. ಅಂಗಡಿ ತೆರೆದಿರುವುದು ಸ್ಟೇಷನ್ನಿನಲ್ಲಿ, ವಿಮಾನ ನಿಲ್ದಾಣದಲ್ಲಿ. ಸತ್ತ ಫೋನು ಹಿಡಿದು, ದಾರಿ ಕೇಳಿ ಕೇಳಿ ಕೊರ್ನವ್ಯಾಂಗೆ ಹೋಗಿ ಸರಿಯಾದ ಪ್ಲಗ್ಗನ್ನೂ ಬ್ರೆಡ್ಡನ್ನೂ ತಂದೆ.

ನೀರಿಗೆ ಮಾತ್ರ ದುಡ್ಡು ಕೊಡಬೇಡಿ. ಬೀದಿಯ ಕಲ್ಲಿನ ಕಾರಂಜಿಗಳಲ್ಲಿ, ಕುಡಿಯಬಾರದೆಂಬ ಫಲಕ ಇಲ್ಲದಿದ್ದರೆ, ಬಾಟಲಿ ಹಿಡಿದುಕೊಳ್ಳಬಹುದು. ಹೋಟೆಲ್ಲೋ ಯೂತ್ ಹಾಸ್ಟೆಲ್ಲೋ ಆದರೆ ಬಸ್ಸು, ಟ್ರಾಮಿಗೆ ಉಚಿತ ಕಾರ್ಡ್ ಸಿಗುತ್ತದೆ. ಬಾಡಿಗೆ ಹೊರೆಯೆಂದು ಗಡಿಯಾಚೆ ಫ್ರಾನ್ಸಿನಲ್ಲಿ ಕೋಣೆ ಹಿಡಿಯುವವರೂ ಇದ್ದಾರೆ. ಆನ್‌ಮಾಸ್‌ನಿಂದ ರೈಲಿದೆ, ವೀಸಾ ಅದೇ ನಡೆಯುತ್ತದೆ. ಆದರೆ ಸ್ವಿಟ್ಜರ್‌ಲೆಂಡ್ ಐರೋಪ್ಯ ಒಕ್ಕೂಟದಲ್ಲಿಲ್ಲ ಎಂಬುದನ್ನು ಫೋನಿನ ಸಿಮ್ ಮರೆಯುವುದಿಲ್ಲ. ಟ್ರಾಮಿನಲ್ಲಿ ಕೂತು ಗಡಿ ದಾಟಿದ್ದು ನಮಗೆ ಗೊತ್ತಾಗದಿದ್ದರೂ ಬಿಲ್ಲಿಗೆ ಗೊತ್ತಾಗುತ್ತದೆ.

ಈ ಊರಿನ ಬಾಡಿಗೆ ಒಮ್ಮೆ ಜಗತ್ತಿನ ಸುದ್ದಿಯಾಗಿತ್ತು. 2015ರ ಆಗಸ್ಟ್‌ನಲ್ಲಿ, ಸಂಬಳವಿಲ್ಲದೆ ವಿಶ್ವಸಂಸ್ಥೆಯಲ್ಲಿ ಇಂಟರ್ನ್ ಆಗಿದ್ದ 22 ವರ್ಷದ ನ್ಯೂಜಿಲೆಂಡ್ ಹುಡುಗ ಸರೋವರದ ದಡದಲ್ಲಿ ಡೇರೆ ಹಾಕಿಕೊಂಡಿದ್ದು ಪತ್ರಿಕೆಗಳಲ್ಲಿ ಬಂತು. ಗಮನ ಸೆಳೆಯಲೆಂದೇ ಡೇರೆ ಹಾಕಿದೆ ಎಂದು ಆಮೇಲೆ ಅವನೇ ಒಪ್ಪಿಕೊಂಡ. ಕೆಲವರು ಮುನಿದರು; ನನಗೇನೋ ಫೆಲೋಶಿಪ್ಪಿನ ಮೊದಲ ವಾರದ ಪಾಠಗಳಿಗಿಂತ ಆ ಡೇರೆಯೇ ಒಳ್ಳೆಯ ಪಾಠವೆನಿಸಿತು. ನಮ್ಮ ಅರ್ಜಿ ನಮೂನೆಗಳಲ್ಲಿ 'ದನಿಯಿಲ್ಲದವರ ದನಿ' ಎಂದು ತುಂಬಿಸುತ್ತೇವೆ. ನಾನು ಕಂಡ ಯಾರಿಗೂ ದನಿ ಇಲ್ಲದಿರಲಿಲ್ಲ. ಜಿನೀವಾದಲ್ಲಿ ಆರು ವಾರದ ಬಾಡಿಗೆ ಕಟ್ಟುವ ದುಡ್ಡಿರಲಿಲ್ಲ, ಅಷ್ಟೆ.

ಪಾಲೆ ದೆ ನಾಸ್ಯೋಂ, ಅಂದರೆ ವಿಶ್ವಸಂಸ್ಥೆಯ 'ರಾಷ್ಟ್ರಗಳ ಅರಮನೆ', ಇರುವುದು ಅರಿಯಾನಾ ಎಂಬ ತೋಪಿನಲ್ಲಿ. ಎದುರು ಚೌಕದಲ್ಲಿ 12 ಮೀಟರಿನ ಮರದ ಕುರ್ಚಿ, ಒಂದು ಕಾಲು ಮುರಿದದ್ದು. ನೆಲಬಾಂಬುಗಳ ವಿರುದ್ಧ 1997ರಲ್ಲಿ ನಿಲ್ಲಿಸಿದ್ದು. ತೋಪಿನ ಹಿಂದಿನ ಯಜಮಾನ ಅದನ್ನು ಊರಿಗೆ ಬಿಟ್ಟುಕೊಡುವಾಗ, ನವಿಲುಗಳು ಸ್ವತಂತ್ರವಾಗಿ ಓಡಾಡಿಕೊಂಡಿರಬೇಕು ಎಂದು ಷರತ್ತು ಹಾಕಿದನಂತೆ. ನವಿಲುಗಳು ಇವತ್ತಿಗೂ ಹುಲ್ಲಿನ ಮೇಲೆ ಓಡಾಡುತ್ತವೆ. ಅವಕ್ಕೆ ಬ್ಯಾಡ್ಜ್ ಬೇಕಿಲ್ಲ.

ನನಗೆ ಬೇಕಿತ್ತು. ಪ್ರೆನ್ಯಿ ಗೇಟಿನಲ್ಲಿ ಸಾಲು, ಚೀಲ ಎಕ್ಸ್‌ರೇಗೆ, ಪಾಸ್‌ಪೋರ್ಟ್ ಕಿಟಕಿಗೆ. ಮಂಡಳಿಯಲ್ಲಿ ಮಾತಾಡಲು ಸಂಸ್ಥೆಗೆ ವಿಶ್ವಸಂಸ್ಥೆಯ ಸಮಾಲೋಚನಾ ಮಾನ್ಯತೆ ಇರಬೇಕು. ನಮ್ಮೂರಿನ ಪೌರಕಾರ್ಮಿಕರ ಸಂಘಕ್ಕೆ ಅದಿಲ್ಲವಾದ್ದರಿಂದ ಕರೆಸಿಕೊಂಡ ಸಂಸ್ಥೆಯ ಹೆಸರಿನಲ್ಲೇ ನಾನು ಒಳಗೆ ಹೋಗಬೇಕು. ವಕಾಲತ್ತಿನ ಮೇಲೆ ವಕಾಲತ್ತು. ಕಿಟಕಿಯಾಚೆಯ ಹೆಂಗಸು ಕಾರ್ಡು ಚಾಚಿ ದೊಡ್ಡದಾಗಿ ಕರೆದಳು: "ಮದಾಂ ತಿಪ್ತ್ಯೂರ್!" ಒಂದು ಕ್ಷಣ ಯಾರನ್ನೋ ಎಂದು ಹಿಂದೆ ನೋಡಿದೆ. ಕಾರ್ಡಿನಲ್ಲಿ ದಪ್ಪ ಅಕ್ಷರದಲ್ಲಿ ಊರು ಇತ್ತು, ಕೆಳಗೆ ಸಣ್ಣದಾಗಿ ನಾನು. ಮುಂದಿನ ಆರು ವಾರ ಎಲ್ಲರಿಗೂ ನಾನು ಮಿಸ್ ತಿಪಟೂರು.

ಮಂಡಳಿ ಕೂಡುವ ಇಪ್ಪತ್ತನೇ ಸಭಾಂಗಣಕ್ಕೆ ಸ್ಪೇನಿನ ಕಲಾವಿದ ಮಿಕೆಲ್ ಬಾರ್ಸೆಲೊ 2008ರಲ್ಲಿ ಮಾಡಿದ ಚಾವಣಿ. ಗುಹೆಯ ಮಾಡಿನಿಂದ ಬಣ್ಣ ಬಣ್ಣದ ಸುಣ್ಣ ತೊಟ್ಟಿಕ್ಕಿ ಅಲ್ಲೇ ಗಟ್ಟಿಯಾದ ಹಾಗೆ. ಅದರ ಕೆಳಗೆ 47 ಸದಸ್ಯ ದೇಶಗಳು, ಸುತ್ತ ಉಳಿದ ದೇಶಗಳು, ಹಿಂದೆ ನಮ್ಮಂಥ ಸಂಸ್ಥೆಗಳು. ಕಿವಿಗೆ ಹಾಕುವ ಯಂತ್ರದಲ್ಲಿ ಆರು ಭಾಷೆ. ನಮಗೆ ಸಿಕ್ಕುವುದು 90 ಸೆಕೆಂಡ್. ಮುಗಿದರೆ ಮೈಕು ಆರುತ್ತದೆ, ವಾಕ್ಯ ಎಲ್ಲಿದ್ದರೆ ಅಲ್ಲಿ.

ಮೊದಲು ಕನ್ನಡದಲ್ಲಿ ಬರೆದುಕೊಂಡೆ. ಓದಿದರೆ ನಾಲ್ಕು ನಿಮಿಷ. 2010ರ ಜುಲೈನಲ್ಲಿ ಸವಣೂರಿನ ಭಂಗಿ ಸಮುದಾಯದವರು ಒಕ್ಕಲೆಬ್ಬಿಸುವುದನ್ನು ವಿರೋಧಿಸಿ ಪುರಸಭೆ ಎದುರು ಮೈಮೇಲೆ ಮಲ ಸುರಿದುಕೊಂಡದ್ದು, ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆ, ಮ್ಯಾನ್‌ಹೋಲಿನಲ್ಲಿ ಸತ್ತವರ ಮನೆಗೆ 30 ಲಕ್ಷ ಪರಿಹಾರ ಕೊಡಬೇಕೆಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು, ಎಲ್ಲವೂ ಬೇಕೆನಿಸುತ್ತಿತ್ತು. ನಿಲಯದ ಅಡಿಗೆಮನೆಯಲ್ಲಿ, ಅನ್ನಕ್ಕೆ ಚಟ್ನಿಪುಡಿ ಕಲಸಿಕೊಂಡು, ಫೋನಿನ ಗಡಿಯಾರ ಮುಂದಿಟ್ಟು ಓದುತ್ತ ಕಾಯ್ದೆ ತೆಗೆದೆ, ಕೋರ್ಟ್ ಉಳಿಸಿದೆ. ಸವಣೂರು ಒಂದು ಸಾಲಾಯಿತು. ಪ್ರತಿಯನ್ನು ಮುಂಚಿತವಾಗಿ ದುಭಾಷಿಗಳಿಗೆ ಕೊಟ್ಟು ಬರಬೇಕು. ಬೇಗ ಬೇಗ ಓದಿದರೆ ಅವರ ಬಾಯಲ್ಲಿ ನಮ್ಮ ಮಾತು ಅರ್ಧಕ್ಕೇ ನಿಲ್ಲುತ್ತದೆ. 84 ಸೆಕೆಂಡಿಗೆ ತಂದು ನಿಲ್ಲಿಸಿದೆ.

ಮಾತಾಡುವ ಹಿಂದಿನ ದಿನ ಪಡಸಾಲೆಯಲ್ಲಿ, ಅಂದಂದಿನ ಸಭೆಗಳನ್ನು ತೋರಿಸುವ ಪರದೆ ಮುಂದೆ ನಿಂತಿದ್ದೆ. ಮಂಡಳಿಯ ಕೆಳಗೆ ಇನ್ನೊಂದು ಸಾಲು ಓಡುತ್ತಿತ್ತು: ಅಪಾಯಕಾರಿ ಸರಕುಗಳ ಸಾಗಾಟದ ತಜ್ಞರ ಉಪಸಮಿತಿ. ಕೊಬ್ಬರಿಗೆ 1363 ಎಂದು ನಂಬರು ಇರುವ ಆ ಪಟ್ಟಿಯನ್ನು ತಿದ್ದಿ ತೀಡುವವರು ಇವರೇ. ಫೋಟೊ ತೆಗೆದು ಅಪ್ಪನಿಗೆ ಕಳಿಸಿದೆ.

ಎರಡೇ ನಿಮಿಷಕ್ಕೆ ಫೋನು. ಹಿಂದೆ ಮಂಡಿಯ ಗಲಾಟೆ, ಯಾರೋ ತೂಕ ಕೂಗುತ್ತಿದ್ದಾರೆ.

"ನಾಳೆ ಎಷ್ಟು ಸೆಕೆಂಡ್ ಮಿಕ್ಕುತ್ತೆ ಅಂದೆ ಮಗಾ?"

"ಆರು."

"ಸಾಕು. ಕೊಬ್ಬರಿ ವಿಷ್ಯ ಒಂದ್ಮಾತು ಎತ್ತು."